‘ಎಸ್ಕಾಫ್ಲೋನೆ’ಯ ಪ್ರಥಮ ಸಂಪುಟ: ಒಂದು ಪರಿಶೀಲನೆ

ಯಾವ ಕೃತಿಯನ್ನೇ ಆಗಲಿ ಆದಿಯಿಂದ ನೋಡಬೇಕೆಂಬುದು ಎಲ್ಲರೂ ಒಪ್ಪುವ ಮಾತು. ನಾಟಕಕ್ಕೆ ತಡವಾಗಿ ಹೋದವನು ಮೊದಲನೆಯ ಅಂಕದ ಕಥೆಯನ್ನು ಪಕ್ಕದವರಿಂದ ಕೇಳಿ ತಿಳಿದುಕೊಳ್ಳಬಹುದು. ಆದರೆ ಕೇಳಿದ್ದು ಕಂಡದ್ದಕ್ಕೆ ಸಮನಾಗದು. ಈ ಸಾಮಾನ್ಯವಾದ ಮಾತು ಎಷ್ಟು ಗಂಭೀರವಾದುದೆಂಬುದನ್ನು ಜಪಾನಿನ ಒಂದು ಚಿತ್ರಮಾಲೆ ಚೆನ್ನಾಗಿ ತೋರಿಸಿಕೊಡುತ್ತದೆ. ‘ಎಸ್ಕಾಫ್ಲೋನೆ’ ಎಂಬುದು ಅದರ ಹೆಸರು. ಮನೆಯಲ್ಲಿ ನೋಡುವುದಕ್ಕಾಗಿ ಹೊರಬಂದ ಅದರ ಪ್ರಥಮ ಸಂಪುಟವೇ ಈ ಲೇಖನದ ವಿಷಯ.

ಜಪಾನೀಯರು ಅನಿಮೆ ಎಂದು ಕರೆಯುವ ಚಲಿಸುವ ಚಿತ್ರಗಳಲ್ಲಿ ಒಂದು ವಿಶಿಷ್ಟ ಪ್ರಕಾರವುಂಟು. ಮನೆಯೆತ್ತರದ ಲೋಹದ ಯಂತ್ರಮಾನವ. ಅದರ ಒಡಲೊಳಗೆ ಕುಳಿತು ಅದನ್ನು ನಡೆಸುವ ಮನುಷ್ಯ. ಈ ಪ್ರಕಾರಕ್ಕೆ ಮೆಕಾ ಎಂದು ಹೆಸರು. 1972ರಲ್ಲಿ ಟೆಲಿವಿಷನ್ನಿಗೆ ಬಂದ ‘ಮಾಜಿಂಗರ್ ಜಡ್’ ಇದನ್ನು ಜನಪ್ರಿಯಗೊಳಿಸಿತು. 1983ರ ‘ಡನ್‌ಬೈನ್’ ಇದೇ ಯಂತ್ರಗಳನ್ನು ರಾಜರೂ ಕೋಟೆಗಳೂ ಇರುವ ಒಂದು ಮಾಯಾಲೋಕಕ್ಕೆ ಕೊಂಡೊಯ್ದಿತು. ಯಂತ್ರಯುಗದ ಕಲ್ಪನೆಯೂ ಅಜ್ಜಿಯ ಕಥೆಯ ಕಲ್ಪನೆಯೂ ಹೀಗೆ ಒಂದೇ ಚಪ್ಪರದಡಿ ಕೂಡಿದವು. ‘ಎಸ್ಕಾಫ್ಲೋನೆ’ ಈ ಸಾಲಿಗೆ ಸೇರಿದುದು.

ಇದರ ಮೂಲ ಕಲ್ಪನೆ ಶೋಜಿ ಕಾವಾಮೋರಿಯವರದು. ನಿರ್ಮಿಸಿದ್ದು ಸನ್‌ರೈಸ್ ಸಂಸ್ಥೆ. ಮೊದಲು ನಿರ್ದೇಶಕರೆಂದು ಗೊತ್ತಾಗಿದ್ದ ಯಾಸುಹಿರೋ ಇಮಾಗಾವಾ ಬೇರೆ ಕೆಲಸಕ್ಕೆ ಹೋದ ಮೇಲೆ ಹೊಣೆ ಕಾಜುಕಿ ಅಕಾನೆಯವರ ಮೇಲೆ ಬಿತ್ತು. ಹುಡುಗರಿಗಾಗಿ ಯೋಚಿಸಿದ್ದ ಯುದ್ಧಕಥೆಗೆ ಹುಡುಗಿಯರು ಮೆಚ್ಚಿ ಓದುವ ಪ್ರಣಯಕಥೆಗಳ ಗುಣಗಳನ್ನೂ ಅಕಾನೆ ಬೇಕೆಂದೇ ಬೆರೆಸಿದರು. 39 ಕಂತುಗಳೆಂದು ಯೋಜಿಸಿದ್ದುದು 26ಕ್ಕೆ ಇಳಿಯಿತು. 1996ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅದು ಜಪಾನಿನಲ್ಲಿ ಪ್ರಸಾರವಾಯಿತು. ಅಮೆರಿಕದಲ್ಲಿ 2000ರಿಂದ ಎಂಟು ಡಿ.ವಿ.ಡಿ. ಸಂಪುಟಗಳಾಗಿ ಬಂದಾಗ ಮೊದಲನೆಯದಕ್ಕೆ ‘ಘಟಸರ್ಪಗಳು ಮತ್ತು ವಿಧಿ’ ಎಂಬರ್ಥದ ಹೆಸರಿಟ್ಟರು. ಮೊದಲ ನಾಲ್ಕು ಕಂತುಗಳು, ಸುಮಾರು ಒಂದೂವರೆ ಗಂಟೆಯ ನೋಟ, ಇದರಲ್ಲಿವೆ.

ಕಥೆಯ ಸಾರ ಇಷ್ಟು. ಹಿತೋಮಿ ಎಂಬವಳು ಜಪಾನಿನ ಒಂದು ಪ್ರೌಢಶಾಲೆಯ ಹುಡುಗಿ, ಓಟಗಾರ್ತಿ. ಟ್ಯಾರೋ ಎಂಬ ಚಿತ್ರದ ಎಲೆಗಳನ್ನು ಹಾಸಿ ಗೆಳತಿಯರಿಗೆ ಭವಿಷ್ಯ ಹೇಳುವುದು ಅವಳ ಹವ್ಯಾಸ. ಒಂದು ಸಂಜೆ ಓಟದ ಮೈದಾನದಲ್ಲಿ ಬೆಳಕಿನ ಕಂಬವೊಂದು ಇಳಿದು, ಅದರೊಳಗಿಂದ ಕತ್ತಿ ಹಿಡಿದ ತರುಣನೊಬ್ಬ ಬರುತ್ತಾನೆ; ಬೆನ್ನಲ್ಲೇ ಒಂದು ಘಟಸರ್ಪವೂ ಬರುತ್ತದೆ. ತರುಣನ ಹೆಸರು ವಾನ್. ಘಟಸರ್ಪವನ್ನು ಕೊಂದು ಅದರ ಎದೆಯ ಮಣಿಯನ್ನು ತಂದವನಿಗೇ ಫಾನೆಲಿಯಾ ರಾಜ್ಯದ ಸಿಂಹಾಸನ. ಅವನೊಡನೆ ಹಿತೋಮಿಯೂ ಗಾಯಾ ಎಂಬ ಲೋಕಕ್ಕೆ ಸೆಳೆಯಲ್ಪಡುತ್ತಾಳೆ. ಅಲ್ಲಿನ ಆಕಾಶದಲ್ಲಿ ಚಂದ್ರನ ಜೊತೆಗೆ ನಮ್ಮ ಭೂಮಿಯೂ ತೂಗುತ್ತಿರುತ್ತದೆ. ಆ ಜನ ಅದನ್ನು ಮಾಯಾಚಂದ್ರ ಎನ್ನುತ್ತಾರೆ. ಎರಡನೆಯ ಕಂತಿನಲ್ಲಿ ವಾನನಿಗೆ ಪಟ್ಟವಾಗುತ್ತಿದ್ದಂತೆಯೇ ಜೈಬಾಕ್ ಸಾಮ್ರಾಜ್ಯದ ಅದೃಶ್ಯ ಯಂತ್ರಗಳು ಫಾನೆಲಿಯಾವನ್ನು ಸುಟ್ಟುಹಾಕುತ್ತವೆ. ಮೂರನೆಯದರಲ್ಲಿ ಅಲೆನ್ ಎಂಬ ಗಡಿಕೋಟೆಯ ವೀರ ಬರುತ್ತಾನೆ. ಅವನ ಮುಖ ಹಿತೋಮಿ ತನ್ನ ಊರಿನಲ್ಲಿ ಮೆಚ್ಚಿದ್ದ ಹಿರಿಯ ವಿದ್ಯಾರ್ಥಿ ಅಮಾನೋನ ಮುಖವೇ. ನಾಲ್ಕನೆಯದರಲ್ಲಿ ದಿಲಾಂದು ಎಂಬ ಕ್ರೂರ ಸೇನಾನಿ ಆ ಕೋಟೆಯನ್ನು ಹುಡುಕಿಕೊಂಡು ಬರುತ್ತಾನೆ.

ಇನ್ನು ಈ ಸಂಪುಟದ ತಿರುಳಿಗೆ ಬರೋಣ. ಮೊದಲನೆಯ ಕಂತಿನಲ್ಲಿ ಹಿತೋಮಿ ಅಮಾನೋನ ಮುಂದೆ ಒಂದು ಪಣ ಒಡ್ಡುತ್ತಾಳೆ: ನೂರು ಮೀಟರನ್ನು ಹದಿಮೂರು ಸೆಕೆಂಡಿನಲ್ಲಿ ಓಡಿದರೆ ತನ್ನ ಮನದಾಸೆ ಈಡೇರಬೇಕು. ಎಲೆ ಹಾಸಿ ಕಣಿ ಹೇಳಬಲ್ಲ ಹುಡುಗಿ ತನ್ನ ಆಸೆಯನ್ನು ಎಲೆಗಳಿಗೆ ಒಪ್ಪಿಸದೆ ತನ್ನ ಕಾಲುಗಳಿಗೆ ಒಪ್ಪಿಸುತ್ತಾಳೆ! ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಒಂದು ಕಡೆ ದೈವ, ಇನ್ನೊಂದು ಕಡೆ ಪುರುಷಪ್ರಯತ್ನ. ಇವೆರಡರ ಜಗಳವೇ ಇಡೀ ಕಥೆಯ ಬೀಜ; ಅದನ್ನು ಬಿತ್ತಿರುವುದು ಇಲ್ಲಿ.

ಅವಳ ಕೊರಳಿನ ಪದಕವನ್ನೂ ಗಮನಿಸಬೇಕು. ಅಜ್ಜಿ ಕೊಟ್ಟ ಆ ಪದಕ ತೂಗಿದರೆ ಸರಿಯಾಗಿ ಸೆಕೆಂಡಿಗೊಂದು ತೂಗು. ಭೌತಶಾಸ್ತ್ರದಲ್ಲಿ ಇದು ಲೋಲಕ. ಆಂದೋಲನ ಚಿಕ್ಕದಾಗಿರುವವರೆಗೆ ಅದರ ಕಾಲ ಉದ್ದವನ್ನು ಅವಲಂಬಿಸುವುದೇ ಹೊರತು ಗುಂಡಿನ ತೂಕವನ್ನಲ್ಲ. ಸುಮಾರು 25 ಸೆಂಟಿಮೀಟರ್ ಉದ್ದವಿದ್ದರೆ ಒಂದು ಪೂರ್ಣ ಆಂದೋಲನಕ್ಕೆ ಒಂದು ಸೆಕೆಂಡು ಹಿಡಿಯುತ್ತದೆ. ಮುಂದೆ ಇದೇ ಪದಕ ಕಾಣದ ವಸ್ತುಗಳನ್ನು ಹುಡುಕುವ ಸಾಧನವೂ ಆಗುತ್ತದೆ. ಗಡಿಯಾರವೂ ಅದೇ, ಕಣಿಯೂ ಅದೇ. ಇದು ಬರಿಯ ಅಲಂಕಾರವಲ್ಲ. ಜೈಬಾಕ್ ಚಕ್ರವರ್ತಿ ವಿಧಿಯನ್ನೇ ತಿದ್ದುವ ಯಂತ್ರವನ್ನು ಕಟ್ಟುತ್ತಿರುವವನು. ಅವನು ಭೂಮಿಯಿಂದ ಬಂದ ಐಸಾಕ್ ನ್ಯೂಟನ್ ಎಂಬ ಸೂಚನೆ ಕಥೆಯ ಉತ್ತರಾರ್ಧದಲ್ಲಿ ದೊರೆಯುತ್ತದೆ. ಗುರುತ್ವಾಕರ್ಷಣೆಯನ್ನು ಗಣಿತದಿಂದ ವಿವರಿಸಿದ ನ್ಯೂಟನ್ ರಸವಿದ್ಯೆಯಲ್ಲಿಯೂ ವರ್ಷಗಟ್ಟಲೆ ತೊಡಗಿದ್ದನೆಂಬುದು ಇತಿಹಾಸ. ಶಾಸ್ತ್ರವೂ ಮಂತ್ರವೂ ಒಂದೇ ಕೈಯಲ್ಲಿ ಕೂಡಿದಾಗ ಏನಾಗುವುದೆಂಬ ಪ್ರಶ್ನೆಗೆ ಹುಡುಗಿಯ ಪದಕವೇ ಮುನ್ನುಡಿ.

ಹಿತೋಮಿಗೆ ಈ ಸಂಪುಟದಲ್ಲಿ ಆಗುವ ಎರಡು ದರ್ಶನಗಳನ್ನು ಹೋಲಿಸಿ ನೋಡಬೇಕು. ಘಟಸರ್ಪದಿಂದ ವಾನ್ ಸಾಯುವುದನ್ನು ಅವಳು ಮುಂಚೆಯೇ ಕಾಣುತ್ತಾಳೆ, ಕೂಗಿ ಎಚ್ಚರಿಸುತ್ತಾಳೆ, ಅವನು ಉಳಿಯುತ್ತಾನೆ. ಫಾನೆಲಿಯಾ ಉರಿಯುವುದನ್ನೂ ಮುಂಚೆಯೇ ಕಾಣುತ್ತಾಳೆ; ಆದರೆ ರಾಜ್ಯ ಉಳಿಯುವುದಿಲ್ಲ, ವಾನನ ಗುರುವಾದ ವೃದ್ಧ ಸೇನಾನಿ ಬಾಲ್ಗಸ್ ಮಡಿಯುತ್ತಾನೆ. ಮುಂದಾಗುವುದನ್ನು ತಿಳಿಯುವುದು ಒಂದು, ಅದನ್ನು ತಪ್ಪಿಸುವುದು ಇನ್ನೊಂದು. ಇವೆರಡರ ನಡುವಿನ ಅಂತರದಲ್ಲಿಯೇ ಆ ಹುಡುಗಿಯ ದುಃಖವಿದೆ.

ಯಂತ್ರದ ಮಾತನ್ನೂ ಹೇಳಬೇಕು. ಈ ಲೋಕದಲ್ಲಿ ಯಂತ್ರವೀರರಿಗೆ ಗೈಮೆಲೆಫ್ ಎಂದು ಹೆಸರು. ಫಾನೆಲಿಯಾ ರಾಜವಂಶದ ಎಸ್ಕಾಫ್ಲೋನೆ ಸುಮ್ಮನೆ ಏಳುವುದಿಲ್ಲ. ಘಟಸರ್ಪದ ಎದೆಮಣಿಯ ಜೊತೆಗೆ ವಾನ್ ತನ್ನ ರಕ್ತವನ್ನೂ ಕೊಡಬೇಕು. ಮುಂದಿನ ಸಂಪುಟಗಳಲ್ಲಿ ಯಂತ್ರಕ್ಕೆ ಬಿದ್ದ ಪೆಟ್ಟು ಅವನ ಮೈಮೇಲೆಯೇ ಗಾಯವಾಗಿ ಮೂಡುತ್ತದೆ. ಬಲವನ್ನು ಪಡೆದವನು ಅದರ ನೋವಿಗೂ ಹಕ್ಕುದಾರನೆಂಬ ನೀತಿ ಇಲ್ಲಿ ಉಪದೇಶವಾಗದೆ ಕಥೆಯಾಗಿಯೇ ಬಂದಿದೆ.

ಹೀಗಿರುವಾಗ 2000ದ ಆಗಸ್ಟಿನಲ್ಲಿ ಅಮೆರಿಕದ ಫಾಕ್ಸ್ ಕಿಡ್ಸ್ ವಾಹಿನಿ ಇದನ್ನು ಪ್ರಸಾರ ಮಾಡಿದಾಗ ಮೊದಲನೆಯ ಕಂತನ್ನೇ ಬಿಟ್ಟು ಎರಡನೆಯದರಿಂದ ಆರಂಭಿಸಿತು. ಮಕ್ಕಳಿಗೆ ಬೇಗ ಯುದ್ಧ ಕಾಣಿಸಬೇಕು, ಕಥೆಯ ನಾಯಕ ಹುಡುಗನಾಗಿರಬೇಕು ಎಂಬ ಧೋರಣೆ ಅಲ್ಲಿ ಸ್ಪಷ್ಟ. ಸಂಗೀತವನ್ನೂ ಅಲ್ಲಲ್ಲಿ ಬದಲಾಯಿಸಿದರು. ಹತ್ತು ಕಂತುಗಳಾದ ಮೇಲೆ ಆ ಪ್ರಸಾರ ನಿಂತುಹೋಯಿತು. ಯಾವುದೇ ವಾಹಿನಿ ಕಾಲಮಿತಿಯನ್ನೂ ನೋಡುವ ಮಕ್ಕಳ ವಯಸ್ಸನ್ನೂ ಲೆಕ್ಕಿಸಬೇಕಾದುದು ನಿಜವೇ. ಆದರೆ ಇಲ್ಲಿ ಕಳೆದುಹೋದುದು ಇಪ್ಪತ್ತೈದು ನಿಮಿಷ ಮಾತ್ರವಲ್ಲ. ಓಡುವ ಹುಡುಗಿ ಹೋಗಿ ಕಣಿ ಹೇಳುವ ಹುಡುಗಿ ಮಾತ್ರ ಉಳಿದಳು. ಪ್ರಯತ್ನ ಅಳಿದು ವಿಧಿಯೊಂದೇ ನಿಂತಿತು. ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಬಡಿಸಿದ್ದ ಎಲೆಯಲ್ಲಿ ಅರ್ಧವನ್ನು ಎತ್ತಿಟ್ಟಂತಾಯಿತು.

ಸಂಪುಟದಲ್ಲಿ ದೋಷಗಳಿಲ್ಲವೆಂದಲ್ಲ. 39 ಕಂತುಗಳಿಗೆ ಹರಡಬೇಕಾಗಿದ್ದ ಕಥೆಯನ್ನು 26ರಲ್ಲಿ ತುರುಕಿದುದರಿಂದ ಘಟನೆಗಳು ಒಂದರ ಮೇಲೊಂದು ಬೀಳುತ್ತವೆ. ಫಾನೆಲಿಯಾವನ್ನು ನಾವು ಪ್ರೀತಿಸುವ ಮೊದಲೇ ಅದು ಬೂದಿಯಾಗುತ್ತದೆ. ಆದರೂ ಈ ಡಿ.ವಿ.ಡಿ. ಒಂದು ಉಪಕಾರ ಮಾಡಿದೆ: ನಾಲ್ಕು ಕಂತುಗಳನ್ನೂ ಕರ್ತೃಗಳು ಇಟ್ಟ ಕ್ರಮದಲ್ಲಿಯೇ, ಜಪಾನೀ ಮಾತು ಮತ್ತು ಇಂಗ್ಲಿಷ್ ಮಾತು ಎರಡರಲ್ಲಿಯೂ, ನೋಡುವವರ ಕೈಗೆ ಕೊಟ್ಟಿದೆ. ಈ ಕಥೆಯನ್ನು ನೋಡಬಯಸುವ ಸಹಪಾಠಿಗಳು ಯುದ್ಧಕ್ಕಾಗಿ ಅವಸರಪಡದೆ ಆ ಓಟದ ಮೈದಾನದಿಂದಲೇ ಹೊರಡಲಿ. ಹದಿಮೂರು ಸೆಕೆಂಡುಗಳ ಆ ಪಣವನ್ನು ಕಂಡವರಿಗೆ ಮುಂದಿನ ಇಪ್ಪತ್ತೈದು ಕಂತುಗಳು ತಾವಾಗಿಯೇ ಅರ್ಥವಾಗುತ್ತವೆ.