5 ಪೈಸೆಯ ಲೆಕ್ಕ ತಿಳಿದಿರಲಿ

ಪ್ರಶ್ನೆ: ನಿಫ್ಟಿ ಆಪ್ಷನ್‌ಗೆ 12.43 ರೂಪಾಯಿಯ ಆರ್ಡರ್ ಹಾಕಿದರೆ ತಿರಸ್ಕೃತವಾಗುತ್ತದೆ. ಆದರೆ ನನ್ನ ಖರೀದಿ ಬೆಲೆ 12.4167 ಎಂದು ತೋರಿಸುತ್ತದೆ. ಬ್ರೋಕರ್ ಮೋಸ ಮಾಡುತ್ತಿದ್ದಾರೆಯೇ?
– ಓದುಗ, ಕೆ.ಆರ್. ಪುರ

ಉತ್ತರ: ಇಷ್ಟರಿಂದಲೇ ಮೋಸ ಎನ್ನಲಾಗದು. ಎನ್‌ಎಸ್‌ಇಯಲ್ಲಿ ನಿಫ್ಟಿ ಆಪ್ಷನ್ ಬೆಲೆ 5 ಪೈಸೆಯ ಹೆಜ್ಜೆಯಲ್ಲೇ ಏರಿಳಿಯುತ್ತದೆ. ಇದೇ ಟಿಕ್ ಸೈಜ್. 12.40 ಅಥವಾ 12.45 ನಡೆಯುತ್ತದೆ, 12.43 ನಡೆಯದು. 12.4167 ಎಂಬುದು ಸರಾಸರಿ: ಎರಡು ಲಾಟ್ 12.40ಕ್ಕೆ, ಒಂದು 12.45ಕ್ಕೆ ಸಿಕ್ಕರೆ ಬರುವ ಲೆಕ್ಕ ಅದು. ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಪ್ರತಿ ವಹಿವಾಟಿನ ಬೆಲೆ ತಾಳೆ ನೋಡಿ.

ಕೊಳ್ಳುವಾಗ ಲಿಮಿಟ್ ಬೆಲೆಯನ್ನು ಕೆಳಗಿನ 5 ಪೈಸೆಗೆ, ಮಾರುವಾಗ ಮೇಲಿನದಕ್ಕೆ ಹೊಂದಿಸಿ. ಆಗ ಆರ್ಡರ್ ಈಡೇರುವುದು ತಡವಾಗಬಹುದು, ಆದರೆ ನಿಮ್ಮ ಮಿತಿ ಮೀರದು. ಸ್ಟಾಪ್‌ಲಾಸ್‌ನ ಟ್ರಿಗರ್ ಬೆಲೆಯೂ 5 ಪೈಸೆಯ ಹೆಜ್ಜೆಯಲ್ಲೇ ಇರಬೇಕು. ಪ್ರೀಮಿಯಂ 50 ಪೈಸೆ ಇರುವ ಆಪ್ಷನ್‌ನಲ್ಲಿ ಒಂದೇ ಹೆಜ್ಜೆ ಎಂದರೆ ಶೇ 10. ಅಲ್ಲಿ ಮಾರ್ಕೆಟ್ ಆರ್ಡರ್ ಬೇಡ.

ಬೆಲೆ ತಾಳೆಯಾಗದಿದ್ದರೆ ಮೊದಲು ಬ್ರೋಕರ್‌ಗೆ ಲಿಖಿತ ದೂರು ಕೊಡಿ. ಬಗೆಹರಿಯದಿದ್ದರೆ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದಾಖಲಿಸಿ. ಆಪ್ಷನ್ ಲಾಭ–ನಷ್ಟ ವ್ಯಾಪಾರದ ಆದಾಯವಾಗುವುದರಿಂದ, ರಿಟರ್ನ್ಸ್ ಸಲ್ಲಿಸುವ ಮೊದಲು ಚಾರ್ಟರ್ಡ್ ಅಕೌಂಟೆಂಟ್‌ರನ್ನು ಕಾಣಿರಿ. ಸಾಲದ ಹಣದಲ್ಲಿ ವಹಿವಾಟು ನಡೆಸುತ್ತಿದ್ದರೆ ಇಂದೇ ನಿಲ್ಲಿಸಿ.