ಎಳೆಗೂಸಿನ ಸೆಳವು

ಮೂರು ವರ್ಷಗಳ ಹಿಂದೆ, ಹುಟ್ಟಿದ ಮೂರನೆಯ ದಿನ ನನ್ನ ಅಕ್ಕನ ಕೂಸಿಗೆ ಸೆಳವು ಬಂದಿತು. ಹಿರಿಯರು ‘ಬಾಲಗ್ರಹ’ವೆಂದು ಬರೆ ಹಾಕಿಸಲು ಹೊರಟರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನಗೂ ಏನೂ ತಿಳಿಯದು. ಬಳಿಕ ಓದಿ ಅರಿತುದನ್ನು ಇಲ್ಲಿ ಸಂಗ್ರಹವಾಗಿ ಬರೆದಿದ್ದೇನೆ.

ಸೆಳವು ತಾನೇ ಒಂದು ರೋಗವಲ್ಲ. ಒಳಗಿನ ಬೇರೊಂದು ಕೇಡಿನ ಚಿಹ್ನೆ. ಮಿದುಳಿನ ಜೀವಕೋಶಗಳು ಅಂಕೆಮೀರಿ ವಿದ್ಯುತ್ ಸಂಕೇತಗಳನ್ನು ಹೊರಡಿಸಿದಾಗ ಅದು ತಲೆದೋರುವುದು. 28 ದಿನಗಳೊಳಗಿನ ಕೂಸಿನಲ್ಲಿ ಮೈಯೆಲ್ಲ ಅದುರಲೇಬೇಕೆಂದಿಲ್ಲ. ಕಣ್ಣು ಒಂದೇ ಕಡೆ ನೆಡುವುದು, ತುಟಿ ಚಪ್ಪರಿಸುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು ಇವೂ ಅದರ ಗುರುತುಗಳಾಗಬಹುದು. ಬರಿಯ ನಡುಕವಾದರೆ ಕೈಯನ್ನು ಮೆಲ್ಲನೆ ಹಿಡಿದಾಗ ನಿಲ್ಲುವುದು, ಸೆಳವು ನಿಲ್ಲದು.

ಕಾರಣಗಳಲ್ಲಿ ಮುಖ್ಯವಾದುದು ಹೆರಿಗೆಯ ವೇಳೆ ಮಿದುಳಿಗೆ ಆಮ್ಲಜನಕ ಸಾಲದಿರುವುದು. ಇದರ ಸೆಳವು ಬಹುಮಟ್ಟಿಗೆ ಮೊದಲ 24 ಗಂಟೆಗಳಲ್ಲಿ ಕಾಣುವುದು. ಮಿದುಳಿನಲ್ಲಿ ರಕ್ತಸ್ರಾವ, ಮಿದುಳಿನ ಪೊರೆಯ ಸೋಂಕು, ಹುಟ್ಟಿನಿಂದ ಬಂದ ರಚನೆಯ ದೋಷ ಇತರ ಕಾರಣಗಳು. ರಕ್ತದಲ್ಲಿ ಸಕ್ಕರೆ ಇಲ್ಲವೆ ಕ್ಯಾಲ್ಸಿಯಂ ಇಳಿದರೂ ಸೆಳವು ಬರುವುದು. ಅಪರೂಪದ ಒಂದು ಬಗೆ ಬಿ6 ಜೀವಸತ್ವದಿಂದ ಹತೋಟಿಗೆ ಬರುವುದೆಂದು 1954ರಲ್ಲಿ ವರದಿಯಾಯಿತು.

ಸಕ್ಕರೆ ಇಳಿದುದನ್ನು ಹಿಮ್ಮಡಿಯ ಒಂದು ಹನಿ ರಕ್ತದಿಂದ ನಿಮಿಷದಲ್ಲಿ ಅರಿಯಬಹುದು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು ಸರಿಪಡಿಸಬಹುದು. ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾದೀತು. ಅಕ್ಕನ ಕೂಸಿಗೆ ಇದ್ದುದೂ ಇದೇ ಕೊರತೆ. ಅಂದು ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆಯ ಹಟದಿಂದ ಆಸ್ಪತ್ರೆ ಸೇರಿದ ಆ ಕೂಸು ಇಂದು ಅಂಗನವಾಡಿಗೆ ಹೋಗುತ್ತಿದೆ. ಆದುದರಿಂದ, ಗೆಳೆಯರೇ, ಬರೆಯ ಕಬ್ಬಿಣ ಕಾಯುವಷ್ಟು ಹೊತ್ತನ್ನೂ ಕಳೆಯದೆ ಕೂಸನ್ನು ವೈದ್ಯರ ಬಳಿಗೆ ಒಯ್ಯತಕ್ಕದ್ದು.