ರಾ ಫೋಟೋಗ್ರಫಿ: ಕ್ಯಾಮೆರಾ ಆಯ್ಕೆ ಕೊನೆಗಿರಲಿ

ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳು. ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲಲ್ಲಿ ಮುಳುಗಿದ ಮುಖವನ್ನು ಬೆಳಗಿಸಲು, ವೈಟ್ ಬ್ಯಾಲೆನ್ಸ್ ಆಮೇಲೆ ತಿದ್ದಲು ಅವಕಾಶ ಸಿಗುವುದು ಇದರಿಂದಲೇ. ಆದರೆ ತಂತ್ರಾಂಶದಲ್ಲಿ ಸಂಸ್ಕರಿಸದ ಹೊರತು ರಾ ಫೈಲು ಯಾರಿಗೂ ಕಳಿಸುವಂಥ ಫೋಟೋ ಆಗುವುದಿಲ್ಲ. ಹಾಗಾಗಿ ಇರುವ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯಬೇಡಿ. ಈ ಕ್ರಮದಲ್ಲಿ ಹೋಗಿ:

1. ಮೊದಲು ಸಾಫ್ಟ್‌ವೇರ್: ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ಕಲಿಯಲು ತುಸು ತಾಳ್ಮೆ ಬೇಕು. ಕ್ಯಾನನ್, ನಿಕಾನ್ ಕಂಪನಿಗಳು ತಮ್ಮ ಕ್ಯಾಮೆರಾಗಳಿಗೆ ಉಚಿತ ತಂತ್ರಾಂಶ ಕೊಡುತ್ತವೆ. ಲೈಟ್‌ರೂಮ್ ಕಲಿಯಲು ಸುಲಭ, ಆದರೆ ಚಂದಾ ಕಟ್ಟುತ್ತಲೇ ಇರಬೇಕು.

2. ಕಂಪ್ಯೂಟರ್, ಡಿಸ್ಕ್: 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಕೆಲಸ ಸರಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 25–30 ಎಂಬಿ. ಸಾವಿರ ಚಿತ್ರ ತೆಗೆದರೆ 30 ಜಿಬಿಯಷ್ಟು ಜಾಗ ಬೇಕು. ಪ್ರತಿಗೆಂದು ಇನ್ನೊಂದು ಡಿಸ್ಕ್‌ನ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.

3. ಲೆನ್ಸ್, ಆಮೇಲೆ ಬಾಡಿ: ಮಂದ ಬೆಳಕಿಗೆ 50 ಎಂಎಂ ಎಫ್/1.8 ಲೆನ್ಸ್ ಅಗ್ಗದ, ಒಳ್ಳೆಯ ಆರಂಭ. ಹಿಂದಿನ ತಲೆಮಾರಿನ ಸೆಕೆಂಡ್ ಹ್ಯಾಂಡ್ ಬಾಡಿ ಸಾಕು. ಹೊಚ್ಚಹೊಸ ಮಾದರಿಯ ರಾ ಫೈಲನ್ನು ಹಳೆಯ ಸಾಫ್ಟ್‌ವೇರ್ ಓದದೇ ಇರಬಹುದು. ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಬಳಸಿ ಎಷ್ಟೋ ಬಾರಿ ಇದನ್ನು ದಾಟಬಹುದು.

4. ತೆಗೆಯುವಾಗ: ಯಕ್ಷಗಾನದ ರಂಗದ ಎಲ್‌ಇಡಿ ಬೆಳಕಿನಲ್ಲಿ ಕೆಂಪು ವೇಷದ ನೆರಿಗೆಗಳು ಅಳಿಸಿ ಒಂದೇ ಕೆಂಪು ತೇಪೆಯಾಗುವುದುಂಟು. ಒಟ್ಟಾರೆ ಬೆಳಕಿನ ಹಿಸ್ಟೋಗ್ರಾಂ ಸರಿಯಿದ್ದರೂ ಕೆಂಪು ಚಾನೆಲ್ ಮಾತ್ರ ಬಲತುದಿಗೆ ಒತ್ತಿಕೊಂಡಿರುತ್ತದೆ. ಮೂರೂ ಬಣ್ಣಗಳ ಹಿಸ್ಟೋಗ್ರಾಂ ನೋಡಿ ಎಕ್ಸ್‌ಪೋಷರ್ ಇಳಿಸಿ. ನೆರಳನ್ನು ಆಮೇಲೆ ಎತ್ತಬಹುದು. ಸೆನ್ಸರಿನಲ್ಲೇ ತುಂಬಿ ಅಳಿಸಿಹೋದ ವಿವರ ರಾದಲ್ಲೂ ಮರಳಿ ಬಾರದು.

5. ಉಳಿಸುವಾಗ: ಎರಡು ಡಿಸ್ಕ್‌ಗಳಿಗೆ ಪ್ರತಿ ಮಾಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಡಾರ್ಕ್‌ಟೇಬಲ್ ಮೂಲ ಫೈಲನ್ನು ಮುಟ್ಟುವುದಿಲ್ಲ. ತಿದ್ದುಪಡಿಗಳನ್ನು ಪಕ್ಕದಲ್ಲೇ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಚಿತ್ರವನ್ನು ಬೇರೆಡೆಗೆ ನಕಲು ಮಾಡುವಾಗ ಅದನ್ನೂ ಜೊತೆಗೊಯ್ಯಿರಿ.

ಹಣ ಕೊಡುವ ಮುನ್ನ ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಅಂಗಡಿಯಲ್ಲೇ ನಾಲ್ಕು ರಾ ಚಿತ್ರ ತೆಗೆಯಿರಿ. ಮನೆಯ ಕಂಪ್ಯೂಟರಿನಲ್ಲಿ ಅವು ತಡವರಿಸದೆ ತೆರೆದುಕೊಂಡರೆ ಆ ಕ್ಯಾಮೆರಾ ಕೊಳ್ಳಬಹುದು.